ಶನಿವಾರಕ್ಕೊಂದು ಇಂಗ್ಲಿಷ್ ಮಾತು

ನಮ್ಮ ಇಂಗ್ಲಿಷ್ ಮಾಸ್ತರರು ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ. ವಾಚನಾಲಯದಲ್ಲಿ ಸಂತಾಪ ಸಭೆ ಇಟ್ಟಿದ್ದೇವೆ, ಅವರ ಶಿಷ್ಯನಾಗಿ ನಾಲ್ಕು ಒಳ್ಳೆಯ ಮಾತು ಹೇಳು ಎಂದು ಊರಿನ ಇಬ್ಬರು ಬಂದು ಕೇಳಿದರು. ನನ್ನ ಹತ್ತಿರ ಎರಡೇ ಇವೆ, ನಾಲ್ಕಕ್ಕೆ ಬೇರೆಯವರನ್ನು ನೋಡಿ ಎಂದೆ. ಬಂದವರು ನಗುತ್ತ ಹೋದರು. ನಾನು ತಮಾಷೆಗೆ ಹೇಳಿದ್ದಲ್ಲ.

ಆ ಎರಡನ್ನು ಮೊದಲೇ ಹೇಳಿಬಿಡುತ್ತೇನೆ. ಶಿರಸಿಯಲ್ಲಿ ಅವರಷ್ಟು ಚೆನ್ನಾಗಿ ಇಂಗ್ಲಿಷ್ ಕಲಿಸಿದವರನ್ನು ನಾನು ಕಂಡಿಲ್ಲ. ಧಾರವಾಡದಲ್ಲಿ ಕಾಲೇಜಿಗೆ ಹೋದ ಮೇಲೂ ಅವರ ಸಮಕ್ಕೆ ನಿಲ್ಲುವವರು ಒಬ್ಬಿಬ್ಬರೇ ಸಿಕ್ಕರು. ಎರಡನೆಯದು, ಅವರು ಯಾವ ಹುಡುಗನ ಮೇಲೂ ಕೈ ಮಾಡಿದವರಲ್ಲ. ಛಡಿ ಹಿಡಿಯುವ ಮಾಸ್ತರನಿಗೆ ತನ್ನ ಮೇಲೆ ತನಗೇ ನಂಬಿಕೆ ಇಲ್ಲ ಎನ್ನುತ್ತಿದ್ದರು.

ಇನ್ನು ಉಳಿದದ್ದು.

ಅವರು ಇಲ್ಲಿಯವರಲ್ಲ. ಧಾರವಾಡದ ಕಡೆಯಿಂದ ಒಂದು ತಗಡಿನ ಪೆಟ್ಟಿಗೆ, ಒಂದು ಛತ್ರಿ ಹಿಡಿದುಕೊಂಡು ನಮ್ಮ ಇಂಗ್ಲಿಷ್ ಶಾಲೆಗೆ ಮಾಸ್ತರರಾಗಿ ಬಂದವರು. ಕೊರಳವರೆಗೆ ಗುಂಡಿ ಹಾಕಿದ ಕರಿಯ ಕೋಟು, ಬಿಗಿದು ಸುತ್ತಿದ ರುಮಾಲು, ಮೆಲುಮಾತು. ಯಾರ ಮನೆಗೆ ಹೋದರೂ ಹೊಸ್ತಿಲ ಹತ್ತಿರವೇ ನಿಂತು ಮಾತಾಡುವ ಅಭ್ಯಾಸ ಅವರಿಗಿತ್ತು. ಒಳಗೆ ಬರುವವರೂ ಹೊರಗೆ ಹೋಗುವವರೂ ಅವರನ್ನು ಬಳಸಿಕೊಂಡೇ ಹೋಗಬೇಕು. ಕೂತುಕೊಳ್ಳಿ ಎಂದರೆ, "ಕುರ್ಚಿ ಮ್ಯಾಲೆ ಕೂಡೂದು ದೊಡ್ಡದಲ್ರೀ. ಕುರ್ಚಿ ಎಲ್ಲಿಡಬೇಕು ಅಂತ ಹೇಳೂ ಜಾಗಾದಾಗ ನಿಂದರಬೇಕು" ಎಂದು ನಗುತ್ತಿದ್ದರು. ಕೇಳಿದವರೂ ನಗುತ್ತಿದ್ದರು. ವರ್ಷದೊಳಗೆ ಊರಿನ ಅರ್ಧ ಕುರ್ಚಿಗಳು ಅವರು ಹೇಳಿದಲ್ಲಿ ಇದ್ದವು.

ಅವರ ಪಾಠದ ಕ್ರಮ ಹೀಗಿತ್ತು. ಮುಂಬಯಿಯ ಇಂಗ್ಲಿಷ್ ಪತ್ರಿಕೆ ಎರಡು ದಿನ ತಡವಾಗಿ ಹುಬ್ಬಳ್ಳಿಯ ಮೋಟಾರಿನಲ್ಲಿ ಬರುತ್ತಿತ್ತು. ಅದನ್ನು ಓದಿ, ಬೇಕಾದ ಸಾಲನ್ನು ಕ್ಷೌರದ ಅಲಗಿನಿಂದ ಕತ್ತರಿಸಿ ಒಂದು ವಹಿಯಲ್ಲಿ ಅಂಟಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಆ ವಹಿಯಿಂದ ಒಂದೇ ಒಂದು ನುಡಿಗಟ್ಟನ್ನು ಕರಿಹಲಗೆಯ ಮೂಲೆಯಲ್ಲಿ ಚೌಕ ಹಾಕಿ ಬರೆಯುವುದು. ನಾವೆಲ್ಲ ಅದನ್ನು ಬಳಸಿ, ನಮ್ಮದೇ ಬದುಕಿನ ಸಂಗತಿ ಇಟ್ಟು, ಒಂದೊಂದು ವಾಕ್ಯ ಮಾಡಬೇಕು. ಬಾಯಿಪಾಠದ ವಾಕ್ಯ ನಡೆಯುತ್ತಿರಲಿಲ್ಲ. ಈ ಕ್ರಮದಿಂದಲೇ ನನಗೆ ಇಂಗ್ಲಿಷ್ ಬಂತು, ಅದನ್ನು ಮರೆಮಾಚುವುದಿಲ್ಲ.

ಆದರೆ ಚೌಕದೊಳಗೆ ಬರುತ್ತಿದ್ದ ಮಾತುಗಳೆಲ್ಲ ಒಂದೇ ಜಾತಿಯವು. ಟು ಗೆಟ್ ಎ ಫುಟ್‌ಹೋಲ್ಡ್, ಅಂದರೆ ಕಾಲೂರಲು ಜಾಗ ಮಾಡಿಕೊಳ್ಳುವುದು. ಟು ಕನ್ಸಾಲಿಡೇಟ್ ಒನ್ಸ್ ಪೊಸಿಷನ್, ಅಂದರೆ ಸಿಕ್ಕ ಜಾಗವನ್ನು ಗಟ್ಟಿ ಮಾಡಿಕೊಳ್ಳುವುದು. ಟು ಟೈಟನ್ ಒನ್ಸ್ ಗ್ರಿಪ್, ಅಂದರೆ ಹಿಡಿತ ಬಿಗಿ ಮಾಡುವುದು. ಮಳೆಗೆ, ಬೆಳೆಗೆ, ಊಟಕ್ಕೆ ಇಂಗ್ಲಿಷಿನಲ್ಲಿ ನುಡಿಗಟ್ಟು ಇಲ್ಲವೇ ಸರ್ ಎಂದು ಸಿದ್ದಾಪುರದ ಒಬ್ಬ ಹುಡುಗ ಕೇಳಿದ್ದ. "ಊಟಕ್ಕ ಇಂಗ್ಲಿಷ್ ಯಾಕಪಾ? ಕೈ ಸಾಕು" ಎಂದರು.

ಕಲಿಸಿದ ಮಾತನ್ನು ಅವರೂ ಬಳಸುತ್ತಿದ್ದರು. ನಾವು ವಾಕ್ಯದಲ್ಲಿ, ಅವರು ಊರಿನಲ್ಲಿ. ಕಾಲೂರುವ ಮಾತು ಹಲಗೆಯ ಮೇಲೆ ಬಂದ ವಾರವೇ ವಾಚನಾಲಯದ ಕದವನ್ನು ದಿನಾ ಬೆಳಿಗ್ಗೆ ತೆಗೆಯುವ ಕೆಲಸವನ್ನು ತಾವೇ ಬಿಟ್ಟಿಯಾಗಿ ಮಾಡುವುದಾಗಿ ಹೇಳಿ ಬೀಗದ ಕೈ ಇಸಿದುಕೊಂಡರು. ಬೆಳಗಿನ ಚಳಿಯಲ್ಲಿ ಏಳುವುದು ತಪ್ಪಿತಲ್ಲ ಎಂದು ಊರವರಿಗೆ ಸಂತೋಷ. ಗಟ್ಟಿ ಮಾಡಿಕೊಳ್ಳುವ ಮಾತು ಬಂದ ಮೇಲೆ ಅವರ ಹೆಂಡತಿಯ ತಮ್ಮ ಅಲ್ಲಿ ಗುಮಾಸ್ತನಾದ. ಹಿಡಿತ ಬಿಗಿಯಾದ ಮೇಲೆ ಯಾರು ಯಾವ ಪತ್ರಿಕೆ ಓದುತ್ತಾರೆಂದು ಆ ಗುಮಾಸ್ತ ಬರೆದಿಡತೊಡಗಿದ. ಅದು ಖಾದಿಯ ಟೊಪ್ಪಿಗೆ ಹಾಕಿದವರನ್ನು ಹಿಡಿದು ಜೈಲಿಗೆ ಕಳಿಸುತ್ತಿದ್ದ ಕಾಲ. ಓದಿದವರ ಪಟ್ಟಿ ಮಾಸ್ತರರ ಕಿಸೆಯಲ್ಲಿದೆ ಎಂದು ಗೊತ್ತಾದ ಮೇಲೆ ದೊಡ್ಡ ದೊಡ್ಡ ತೋಟದವರೂ ಅವರಿಗೆ ದೂರದಿಂದಲೇ ಕೈಮುಗಿಯಲು ಕಲಿತರು. ಆ ಪಟ್ಟಿಯನ್ನು ಅವರು ಯಾರಿಗೂ ಕೊಡಲಿಲ್ಲ. ಕೊಡುವ ಅಗತ್ಯವೇ ಬೀಳಲಿಲ್ಲ. ಸ್ವಲ್ಪ ದಿನದಲ್ಲಿ ಸರಕಾರ ಅವರನ್ನು ಮುನ್ಸಿಪಾಲಿಟಿಗೆ ಮೆಂಬರರನ್ನಾಗಿ ನೇಮಿಸಿತು. ಈ ಶನಿವಾರದ ಮಾತು ಯಾರ ಮೇಲೆ ಬೀಳುತ್ತದೋ ಎಂದು ನಾವು ಹುಡುಗರು ಪಂಥ ಕಟ್ಟುತ್ತಿದ್ದೆವು.

ಅವರಿಗೊಂದು ಸಿದ್ಧಾಂತವೂ ಇತ್ತು. ಅದನ್ನು ಅವರ ಮಾತಿನಲ್ಲೇ ಹೇಳುತ್ತೇನೆ, ಏಕೆಂದರೆ ಕೊನೆಗೆ ಅವರು ಬಿದ್ದದ್ದು ಅದರಿಂದಲೇ.

"ನಮ್ಮ ಭಾಷಾದಾಗ ಅಧಿಕಾರದ ಮಾತೆಲ್ಲಾ ಬೈಗಳ ಹಂಗ ಅದಾವ. ತಲೀ ಮ್ಯಾಲೆ ಕೂತಾ, ಮೂಗುದಾರ ಹಾಕಿದಾ, ಜುಟ್ಟು ಹಿಡದಾ. ಇಂಗ್ಲಿಷರಿಗೆ ಹಂಗಲ್ಲ. ಅವರು ಇವನ್ನ ಪೇಪರಿನಾಗ ದೊಡ್ಡ ಅಕ್ಷರದಾಗ ಹಾಕ್ತಾರ. ಒಂದು ಮಂದಿ ಒಂದು ಸಂಗತಿಗೆ ಇಷ್ಟು ಮಾತು ಇಟ್ಟಾರಂದ್ರ ಅದಕ್ಕ ಎಷ್ಟು ಮರ್ಯಾದಿ ಕೊಡ್ತಾರ ನೋಡ್ರಿ."

ನಾವು ಬಾಯಿ ತೆರೆದು ಕೇಳುತ್ತಿದ್ದೆವು.

ಈಗ ನನ್ನ ಅಪ್ಪನ ವಿಷಯಕ್ಕೆ ಬರಬೇಕು. ನಾನು ಎತ್ತಿನಗಾಡಿ ಹೊಡೆಯುವವರ ಮನೆಯಲ್ಲಿ ಹುಟ್ಟಿದವನು. ಅಪ್ಪ ಶಿರಸಿಯಿಂದ ಯಲ್ಲಾಪುರಕ್ಕೆ, ಅಲ್ಲಿಂದ ಅರಬೈಲ್ ಘಟ್ಟ ಇಳಿದು ಕರಾವಳಿಗೆ ಅಡಿಕೆ, ಅಕ್ಕಿ ಒಯ್ದು, ಬರುವಾಗ ಉಪ್ಪು, ಒಣಮೀನು ತರುತ್ತಿದ್ದರು. ಘಟ್ಟದ ತಿರುವಿನಲ್ಲಿ ಗಾಡಿ ಜಾರದಂತೆ ಚಕ್ರಕ್ಕೆ ಮರದ ತುಂಡು ಕೊಟ್ಟು ಕೊಟ್ಟು ಅವರ ಎಡಗೈಯ ಎರಡು ಬೆರಳು ಚಪ್ಪಟೆಯಾಗಿದ್ದವು. ಊರಿನ ಗಾಡಿಯವರಲ್ಲಿ ಹಿಂದೂಗಳಿದ್ದರು, ಮುಸಲ್ಮಾನರಿದ್ದರು. ಎಲ್ಲರೂ ಸೇರಿ ಅಪ್ಪನನ್ನು ಮುಖಂಡನನ್ನಾಗಿ ಮಾಡಿಕೊಂಡಿದ್ದರು. ಮುಖಂಡನೆಂದರೆ ದೊಡ್ಡದೇನಿಲ್ಲ. ಜಗಳವಾದರೆ ಬಿಡಿಸುವುದು, ಎತ್ತು ಸತ್ತವನಿಗೆ ಬೇರೆ ಎತ್ತು ಹೊಂದಿಸುವುದು. ಊರ ಹೊರಗೆ ಒಂದು ಬಾವಿ, ಎರಡು ಮಾವಿನಮರ ಇದ್ದ ಬಯಲು ತಲೆತಲಾಂತರದಿಂದ ಗಾಡಿ ಬಿಡುವ ಜಾಗ. ಸಂಜೆ ಅಲ್ಲಿ ಎಲ್ಲರೂ ಕೂತು ಕವಳ ಹಾಕುವುದು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಸಂಚಿ ಕೈಯಿಂದ ಕೈಗೆ ದಾಟುತ್ತಿತ್ತು. ಮೊದಲು ಅಪ್ಪನ ಕೈಗೆ ಬರುತ್ತಿತ್ತು.

ನನಗೆ ಶಾಲೆಯಲ್ಲಿ ನಾದಾರಿ ಸಿಕ್ಕಿತ್ತು. ಬಡವರ ಮಕ್ಕಳಿಗೆ ಫೀ ಮಾಫಿ ಮಾಡುವುದಕ್ಕೆ ಹಾಗೆನ್ನುತ್ತಿದ್ದರು. ಕೊಡಿಸಿದವರು ಮಾಸ್ತರರೇ. ಮೆಟ್ರಿಕ್ ವರ್ಷ ಬಂತು. ಯಾರ ಅರ್ಜಿಯನ್ನು ಪರೀಕ್ಷೆಗೆ ಕಳಿಸಬೇಕು, ಯಾರದನ್ನು ನಿಲ್ಲಿಸಬೇಕು ಎಂಬುದೂ ಆಗ ಅವರ ಕೈಗೆ ಬಂದಿತ್ತು. ಅರ್ಜಿಗೆ ಅಪ್ಪನ ಒಪ್ಪಿಗೆ ಬೇಕು, ನಾನೇ ಬರ್ತೇನಿ ಎಂದರು. ಒಂದು ರವಿವಾರ ಮಧ್ಯಾಹ್ನ ನಿಜವಾಗಿಯೂ ಗಾಡಿ ಬಯಲಿಗೆ ಬಂದರು, ಮಸಿಯ ಡಬ್ಬಿ ಹಿಡಿದುಕೊಂಡು. ಮಾಸ್ತರರು ತಾವಾಗಿ ಗಾಡಿಯವರ ನಡುವೆ ಬಂದು ನಿಂತರೆಂದು ಅಪ್ಪ ಕಂಬಳಿ ಕೊಡವಿ ಹಾಸಿದರು. ಅವರು ಕೂಡಲಿಲ್ಲ.

ಕೈಯಲ್ಲಿ ಎರಡು ಕಾಗದ. ಮೇಲಿನದು ಪರೀಕ್ಷೆಯ ಅರ್ಜಿ. ಕೆಳಗೊಂದು ಟೈಪು ಮಾಡಿದ ಹಾಳೆ, ಇಂಗ್ಲಿಷಿನಲ್ಲಿ. ಅಪ್ಪ ನನ್ನ ಮುಖ ನೋಡಿ, "ಅದ್ರಲ್ಲಿ ಎಂತ ಬರದೀದೆ ತಮಾ?" ಎಂದರು.

"ಮಗನ್ನ ಓದ್ಲಿಕ್ಕೆ ಹಚ್ರಿ. ನೀವು ಕಷ್ಟಪಟ್ಟು ಕಲಿಸಿದ್ದು ಎಲ್ಲಾರೂ ಕೇಳ್ಲಿ" ಎಂದರು ಮಾಸ್ತರರು.

ನಾನು ಓದಿದೆ. ಎದ್ದು ನಿಂತು, ಎದೆ ಮುಂದೆ ಮಾಡಿ, ಎರಡೂ ಹಾಳೆಯನ್ನು ಗಟ್ಟಿಯಾಗಿ ಓದಿದೆ. ಎರಡನೆಯ ಹಾಳೆಯಲ್ಲಿ ಕೋರ್ಟಿನ ಉದ್ದುದ್ದ ಪದಗಳಿದ್ದವು. ಒಂದನ್ನೂ ತಡವರಿಸಲಿಲ್ಲ. ಉಚ್ಚಾರಕ್ಕೆ ನಾನು ತರಗತಿಯಲ್ಲೇ ಮೊದಲಿಗ. ಅರ್ಥ? ಕಾಲುಭಾಗವೂ ಆಗಿರಲಿಲ್ಲ. ಆಗಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಹದಿನೈದು ಜನ ಗಾಡಿಯವರು ಕವಳ ಜಗಿಯುವುದನ್ನೂ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಎಲ್ಲ ಸರಿಯಿದೆ ಅಪ್ಪಾ ಎಂದುಬಿಟ್ಟೆ. ಅಪ್ಪ ಎರಡಕ್ಕೂ ಹೆಬ್ಬೆಟ್ಟು ಒತ್ತಿದರು. ಮಸಿ ಮೆತ್ತಿದ ಹೆಬ್ಬೆರಳನ್ನು ಒರೆಸಿಕೊಳ್ಳದೆ ಹಿಗ್ಗಿನಿಂದ ಎಲ್ಲರಿಗೂ ತೋರಿಸಿದರು.

ಎಂಟು ದಿನಕ್ಕೆ ಬಯಲಿನ ಸುತ್ತ ಬೇಲಿಯ ಕಂಬ ಬಿದ್ದವು. ಅದು ಇನ್ನು ಮೋಟಾರು ನಿಲ್ಲುವ ಜಾಗ, ಗಾಡಿಯವರು ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದಾರೆ, ಎಲ್ಲರ ಪರವಾಗಿ ಮುಖಂಡನ ಹೆಬ್ಬೆಟ್ಟಿದೆ ಎಂದು ಮುನ್ಸಿಪಾಲಿಟಿಯವರು ಕಾಗದ ತೋರಿಸಿದರು. ಗಾಡಿಯವರು ಅಪ್ಪನನ್ನು ಸುತ್ತುವರಿದು ಕೇಳಿದರು. ನನಗೆ ಗೊತ್ತಿರಲಿಲ್ಲ ಎಂದರು ಅಪ್ಪ. ಆಗ ಇಮಾಮ್ ಸಾಬರು, ಅಪ್ಪನ ಜೊತೆ ಇಪ್ಪತ್ತು ವರ್ಷ ಘಟ್ಟ ಇಳಿದವರು, ಒಂದೇ ಮಾತು ಹೇಳಿದರು.

"ನಿನ್ನ ಮಗನೇ ಓದಿದ್ನಲ್ಲ ಭಾಯಿ, ನಮ್ಮೆಲ್ಲರ ಎದುರಿಗೆ."

ಮಗನ ಪರೀಕ್ಷೆಗೋಸ್ಕರ ಬಯಲು ಬಿಟ್ಟುಕೊಟ್ಟ ಎಂಬ ಮಾತೇ ಗಾಡಿಯವರಲ್ಲಿ ಉಳಿದುಹೋಯಿತು. ಗಾಡಿಗಳು ಕಸದ ಹೊಂಡದ ಪಕ್ಕಕ್ಕೆ ಹೋದವು. ಬಾವಿ ಬೇಲಿಯೊಳಗೆ ಹೋದ್ದರಿಂದ ಎತ್ತುಗಳಿಗೆ ನೀರು ಹೊತ್ತು ತರುವುದಾಯಿತು. ಅಪ್ಪನ ಗಾಡಿಯ ಪಕ್ಕಕ್ಕೆ ಯಾರೂ ಗಾಡಿ ಬಿಡುತ್ತಿರಲಿಲ್ಲ. ಕವಳದ ಸಂಚಿ ಅವರನ್ನು ದಾಟಿ ಆಚೆಯವನ ಕೈಗೆ ಹೋಗುತ್ತಿತ್ತು. ಏಳು ವರ್ಷ ಹೀಗೆ. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಯಾರೂ ಬೈಯಲಿಲ್ಲ.

ನಾನು ಮಾಸ್ತರರ ಹತ್ತಿರ ಹೋಗಿ ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಅರ್ಥ ಆಗದ್ದನ್ನು ಓದಿದವನು ನೀನು, ನಾನು ಓದು ಅಂದೆ ಅಷ್ಟೇ, ಎಂದರು. ಆ ಶನಿವಾರ ಚೌಕದೊಳಗೆ ಬಂದ ಮಾತು ಟು ಗೇನ್ ದಿ ಅಪ್ಪರ್ ಹ್ಯಾಂಡ್, ಮೇಲುಗೈ ಸಾಧಿಸುವುದು. ಮೊದಲು ನನ್ನನ್ನೇ ಎಬ್ಬಿಸಿದರು. ನಾನು ಬಾಯಿ ಬಿಡಲಿಲ್ಲ. ಅವರೇ ವಾಕ್ಯ ಮಾಡಿದರು: ಗಾಡಿಯವನ ಮೇಲೆ ಮೋಟಾರು ಮೇಲುಗೈ ಸಾಧಿಸಿದೆ. ಐದು ಸಲ ಬರೆ ಎಂದರು. ಬರೆದೆ. ಮೆಟ್ರಿಕ್ ಅರ್ಜಿ ಇನ್ನೂ ಅವರ ಮೇಜಿನ ಮೇಲಿತ್ತು.

ಆಮೇಲಿನದು ಚಿಕ್ಕದು. ಮೆಟ್ರಿಕ್ ಪಾಸಾದೆ. ಧಾರವಾಡದಲ್ಲಿ ವಾರಾನ್ನ ಉಂಡು, ಒಂದೇ ಕೋಟಿನಲ್ಲಿ ನಾಲ್ಕು ವರ್ಷ ತೆಗೆದು ಬಿ.ಎ. ಆದೆ. ನಮ್ಮ ಕುಲದಲ್ಲಿ ಹೆಸರಿನ ಮುಂದೆ ಆ ಎರಡಕ್ಷರ ಬರೆದವನು ನಾನೇ ಮೊದಲು. ಯಾರೂ ಬೆನ್ನು ತಟ್ಟದಿದ್ದರೂ ನನ್ನ ಬೆನ್ನನ್ನು ನಾನು ತಟ್ಟಿಕೊಳ್ಳುತ್ತೇನೆ. ಊರಿಗೆ ಬಂದು ಅದೇ ಶಾಲೆಯಲ್ಲಿ ಮಾಸ್ತರನಾದೆ. ಅವರ ಕೈಕೆಳಗೆ. ಬೇರೆ ಕಡೆ ಕೆಲಸ ಸಿಗುತ್ತಿತ್ತು. ನಾನು ಹೋಗಲಿಲ್ಲ.

ಎರಡು ವರ್ಷ ಅವರಿಗೆ ನನ್ನಂಥ ವಿಧೇಯ ಶಿಷ್ಯ ಇನ್ನೊಬ್ಬನಿರಲಿಲ್ಲ. ಛತ್ರಿ ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ.

ಅವರು ನಿವೃತ್ತರಾಗುವ ವರ್ಷ ಬಂತು. ಊರಿನವರು ಸನ್ಮಾನ ಮಾಡಬೇಕೆಂದು ಅವರೇ ಊರಿನವರಿಗೆ ತಿಳಿಸಿದರು. ಅದೇ ಹೊತ್ತಿಗೆ ಜಿಲ್ಲೆಯ ಈ ಭಾಗದ ಮೇಲಧಿಕಾರಿ ಪ್ರಾಂತ ಸಾಹೇಬರ ಬಿಡಾರ ಶಿರಸಿಗೆ ಬರುವುದಿತ್ತು. ಸಾಹೇಬರ ಎದುರಿಗೆ ಇಂಗ್ಲಿಷಿನಲ್ಲಿ ಒಂದು ಮಾನಪತ್ರ ಓದಿಸಬೇಕು, ಅದು ಕಾರವಾರದ ಕಲೆಕ್ಟರರ ತನಕ ಹೋಗಬೇಕು, ರಾವಸಾಹೇಬ ಎಂಬ ಬಿರುದು ಬರಬೇಕು. ಇದು ಅವರ ಲೆಕ್ಕ. ಆಗ ಊರಿನಲ್ಲಿ ಇದೊಂದು ರೂಢಿ: ಮಾನಪತ್ರವೆಂದರೆ ಇಂಗ್ಲಿಷಿನಲ್ಲೇ ಇರಬೇಕು, ಬಂಗಾರದ ಬಣ್ಣದ ಅಂಚಿನ ಕಾಗದದಲ್ಲಿ ಇರಬೇಕು, ಕೇಳುವವರಿಗೆ ಒಂದಕ್ಷರ ತಿಳಿಯದಿದ್ದರೂ ಪ್ರತಿ ಸಾಲಿಗೆ ಚಪ್ಪಾಳೆ ಬೀಳಬೇಕು. ಆಮೇಲೆ ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕುವುದು.

ಸನ್ಮಾನ ಸಮಿತಿಯ ಹಿರಿಯರು ಹುಲೇಕಲ್ ಕಡೆಯ ತೋಟದ ಹೆಗಡೆಯವರು. ಬರೆಯುವ ಕೆಲಸ ಹೊತ್ತು ನನ್ನ ಮನೆಗೇ ಬಂದರು.

"ಯಂಗಕ್ಕೆ ಯಾರಿಗೂ ಇಂಗ್ಲಿಷ್ ಬತ್ತಿಲ್ಲೆ ಮಾರಾಯ. ನೀನೇ ಬರೆಯವು. ಅಂವ ಹೇಳಿದಾಂಗೆ ಬರದ್ರೆ ಆತು, ಯಂಗೆ ತಲೆಬಿಸಿ ಇಲ್ಲೆ" ಎಂದರು.

ಅವರು ಹೇಳಿದ ಹಾಗೆಯೇ ಬರೆದೆ. ಅವರ ವಹಿಯಲ್ಲಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ತಂದು ಅವರ ಒಂದೊಂದು ಸಾಧನೆಗೆ ಹಚ್ಚಿದೆ. ವಾಚನಾಲಯದಲ್ಲಿ ಕಾಲೂರಿದ್ದು, ಶಾಲೆಯ ಸಮಿತಿಯಲ್ಲಿ ಸ್ಥಾನ ಗಟ್ಟಿ ಮಾಡಿಕೊಂಡದ್ದು, ಹಿಡಿತ ಬಿಗಿ ಮಾಡಿದ್ದು, ಯಾವ ಜಾಗದಲ್ಲಿ ಯಾವ ಸಂಬಂಧಿಕರನ್ನು ಕೂಡಿಸಿದ್ದು. ಒಂದೂ ಸುಳ್ಳಲ್ಲ. ಮೂರನೆಯ ಹಾಳೆಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟು ಕರಡನ್ನು ಅವರಿಗೆ ಒಯ್ದು ಕೊಟ್ಟೆ. ಓದುತ್ತ ಓದುತ್ತ ಅವರ ಕಣ್ಣು ತುಂಬಿತು. ನನ್ನ ಜೀವಮಾನದ ಪಾಠ ನೀನೊಬ್ಬನೇ ಕಲಿತಿ ಎಂದರು.

ಖಾಲಿ ಜಾಗ ಯಾಕೆ ಎಂದು ಕೇಳಿದರು. ಗಾಡಿ ಬಯಲಿನ ವಿಷಯ ಸರ್, ನಮ್ಮಪ್ಪನೂ ಅದರಲ್ಲಿರುವುದರಿಂದ ಹೇಗೆ ಬರೆಯಬೇಕೋ ತಿಳಿಯಲಿಲ್ಲ. ಸಾಹೇಬರಿಗೆ ಗಟ್ಟಿಗರೆಂದರೆ ಇಷ್ಟ ಎನ್ನುತ್ತೀರಲ್ಲ, ಬಿಟ್ಟರೆ ನಷ್ಟ ನಿಮಗೇ ಎಂದೆ.

ಅವರು ಕೆಂಪು ಮಸಿಯಲ್ಲಿ ತಮ್ಮ ಕೈಯಾರೆ ತುಂಬಿದರು. ಮೂವತ್ತು ವರ್ಷದಿಂದ ಯಾರಿಂದಲೂ ಆಗದ್ದನ್ನು ಇವರು ಒಂದು ಮಧ್ಯಾಹ್ನದಲ್ಲಿ ಮಾಡಿದರೆಂದು, ಅಕ್ಷರ ಬಾರದ ಮುಖಂಡನ ಹೆಬ್ಬೆಟ್ಟನ್ನು ಅವನ ಮಗನ ಪರೀಕ್ಷೆಯ ಅರ್ಜಿಯ ಜೊತೆಗೇ ಜಾಣತನದಿಂದ ಪಡೆದು, ಒಂದು ಗದ್ದಲವಿಲ್ಲದೆ ಗಾಡಿಯವರ ಮೇಲೆ ಮೇಲುಗೈ ಸಾಧಿಸಿದರೆಂದು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಮೋಟಾರು ಸರ್ವಿಸಿನಲ್ಲಿ ತಮ್ಮ ಹೆಂಡತಿಯೂ ಪಾಲು ಹಾಕಿ ಊರಿನ ಏಳಿಗೆಗೆ ಕೈಗೂಡಿಸಿದ್ದಾರೆ ಎಂದು ಇನ್ನೊಂದು ಸಾಲು ಸೇರಿಸಿದರು. ಆ ಪಾಲಿನ ಸಂಗತಿ ನನಗೇ ಗೊತ್ತಿರಲಿಲ್ಲ. ಮುನ್ಸಿಪಾಲಿಟಿಯ ಮೆಂಬರನ ಮನೆಯವರು ಮುನ್ಸಿಪಾಲಿಟಿಯ ಜಾಗ ಪಡೆದ ಸರ್ವಿಸಿನಲ್ಲಿ ಪಾಲಿಡುವಂತಿಲ್ಲ ಎಂಬ ಕಾಯಿದೆ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕನ್ನಡದಲ್ಲಿ ಹೇಳಿದರೆ ಕಳ್ಳತನವಾಗುವುದು ಇಂಗ್ಲಿಷಿನಲ್ಲಿ ಹೇಳಿದರೆ ಯೋಗ್ಯತೆಯಾಗುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ಆ ಭಾಷೆಯನ್ನು ಅವರು ಪತ್ರಿಕೆಯಿಂದ ಕತ್ತರಿಸಿ ತೆಗೆದವರು. ಅದನ್ನಾಡುವವರ ಜೊತೆ ಒಂದು ದಿನ ಬದುಕಿದವರಲ್ಲ.

ಸಭೆಯಾಯಿತು. ಪ್ರಾಂತ ಸಾಹೇಬರು ಬಿಳಿಯರಲ್ಲ, ಪುಣೆಯ ಕಡೆಯ ತರುಣರು. ನಾನು ಎದ್ದು ನಿಂತು ಓದಿದೆ. ಏಳು ವರ್ಷದ ಹಿಂದಿನಷ್ಟೇ ಗಟ್ಟಿಯಾಗಿ ಓದಿದೆ, ಈ ಸಲ ಒಂದೊಂದು ಅಕ್ಷರದ ಅರ್ಥ ತಿಳಿದು. ಪ್ರತಿ ಸಾಲಿಗೂ ಮಾಸ್ತರರ ಭಾವಮೈದುನ ಕೈತಟ್ಟುತ್ತಿದ್ದ, ಅವನನ್ನು ನೋಡಿ ಊರವರೂ ತಟ್ಟುತ್ತಿದ್ದರು. ಮೂರನೆಯ ಹಾಳೆಗೆ ಬಂದಾಗ ಸಾಹೇಬರು ತಲೆಯೆತ್ತಿ ಮೊದಲು ನನ್ನನ್ನು, ಆಮೇಲೆ ಮಾಸ್ತರರನ್ನು ನೋಡಿದರು. ಮಾಸ್ತರರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮುಗಿದ ಮೇಲೆ ಸಾಹೇಬರು ಇದರ ಪ್ರತಿ ನನಗೊಂದು ಬೇಕು ಎಂದಷ್ಟೇ ಹೇಳಿದರು. ಕಾರವಾರಕ್ಕೆ ಕಳಿಸುತ್ತಾರೆ ಎಂದು ಮಾಸ್ತರರು ನನ್ನ ಕೈ ಒತ್ತಿದರು.

"ಎಂತ ಹೇಳ್ದೆ ಹೇಳಿ ಗೊತ್ತಾಯ್ದಿಲ್ಲೆ. ಓದಿದ್ದು ಮಾತ್ರ ಚೊಲೋ ಆಯ್ದು" ಎಂದರು ಹೆಗಡೆಯವರು.

ಹದಿನೈದು ದಿನಕ್ಕೆ ತಾಲೂಕಿನ ಮಾಮಲೇದಾರರಿಗೆ ವಿಚಾರಣೆಯ ಹುಕುಮು ಬಂತು. ಮಾಸ್ತರರು ಇದೆಲ್ಲ ತಮಗಾಗದ ಒಬ್ಬ ವಕೀಲರ ಕಿತಾಪತಿ ಎಂದೇ ತಿಳಿದರು. ನನ್ನ ಮೇಲೆ ಅವರಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಮಾನಪತ್ರದ ಆ ಸಾಲುಗಳು ಬರೆದ ಹುಡುಗನ ಅಲಂಕಾರ, ನನ್ನ ಮನೆಯವರಿಗೂ ಮೋಟಾರಿಗೂ ಸಂಬಂಧವಿಲ್ಲ ಎಂದು ಹೇಳಿಕೆ ಕೊಟ್ಟರು. ಮೋಟಾರಿನ ದಫ್ತರ ಹುಬ್ಬಳ್ಳಿಯಲ್ಲಿತ್ತು. ಅಲ್ಲಿಂದ ತರಿಸಿ ನೋಡುವವರು ಯಾರು? ಉಳಿದ ಸಾಕ್ಷಿ ಒಂದೇ, ಅವರ ಕೆಂಪು ಅಕ್ಷರವಿದ್ದ ಆ ಕರಡು. ಅದು ನನ್ನ ಹತ್ತಿರವಿತ್ತು.

ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಖುಷಿಯಾಗುತ್ತದೆಂದು ತಿಳಿದಿದ್ದೆ. ಅವರು ಎತ್ತಿನ ಮೈ ಉಜ್ಜುತ್ತ, "ಅವ್ರ ಜಾಗ ಹೋದ್ರೆ ನಂಗೆಂತ ಬಂತು ತಮಾ? ಇಮಾಮನಿಗೆ ಗೊತ್ತಾತಾ ನಾ ಮಾರಿದ್ದಲ್ಲ ಅಂತ?" ಎಂದರು.

ಮರುದಿನ ಶಾಲೆ ಬಿಟ್ಟ ಮೇಲೆ ಮಾಸ್ತರರೇ ನನ್ನ ಕೋಣೆಗೆ ಬಂದರು. ಆವತ್ತು ಬಾಗಿಲಲ್ಲಿ ನಿಲ್ಲಲಿಲ್ಲ. ಬಂದವರೇ ಬೆಂಚಿನ ಮೇಲೆ ಕೂತರು. ಕರಡು ಕೊಡಪಾ ಎಂದರು. ಕೊಡುತ್ತೇನೆ ಸರ್, ಅದಕ್ಕೆ ಮೊದಲು ನನಗೊಂದು ಬರೆದುಕೊಡಿ ಎಂದೆ. ಏನೆಂದು ಹೇಳಿದೆ. ಅವರು ಲೇಖನಿ ತೆಗೆದು, "ಇಂಗ್ಲಿಷಿನಾಗ ಬರದುಕೊಡ್ತೇನಿ" ಎಂದರು.

"ಬೇಡ ಸರ್. ಗಾಡಿಯವರಿಗೆ ತಿಳಿಯುವ ಹಾಗೆ ಬರೆಯಿರಿ."

ಬರೆದರು. ಬಯಲು ಬಿಟ್ಟುಕೊಡುವ ಕಾಗದದಲ್ಲಿ ಏನಿದೆ ಎಂದು ಹೆಬ್ಬೆಟ್ಟು ಒತ್ತಿದವನಿಗೆ ತಿಳಿದಿರಲಿಲ್ಲ. ಓದಿದ ಹುಡುಗನಿಗೂ ತಿಳಿದಿರಲಿಲ್ಲ. ಇಷ್ಟು ಸಲೀಸಾಗಿ ಬಂತು. ಮೂರನೆಯ ಸಾಲಿಗೆ, ತಿಳಿಸದೆ ಒತ್ತಿಸಿಕೊಳ್ಳಲಾಯಿತು ಎಂದು ಬರೆದು ನನ್ನ ಕಡೆ ಸರಿಸಿದರು. ಯಾರು ಒತ್ತಿಸಿಕೊಂಡದ್ದೆಂದು ಬರಲಿಲ್ಲವಲ್ಲ ಸರ್ ಎಂದು ತಿರುಗಿ ಅವರ ಕಡೆಗೇ ಸರಿಸಿದೆ. ಅವರು ಆ ಸಾಲನ್ನು ಹೊಡೆದುಹಾಕಿ, ಒತ್ತಿಸಿಕೊಂಡವನು ನಾನು ಎಂದು ಬರೆದು ಸಹಿ ಮಾಡಿದರು. ಅವರ ಕನ್ನಡ ಅಕ್ಷರ ಇಷ್ಟು ಸೊಟ್ಟ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಕರಡು?" ಎಂದರು.

ಮನೆಯಲ್ಲಿದೆ, ನಾಳೆ ಬೆಳಿಗ್ಗೆ ತಲುಪಿಸುತ್ತೇನೆ ಎಂದೆ. ಕರಡು ಮನೆಯಲ್ಲಿರಲಿಲ್ಲ. ಆವತ್ತು ಬೆಳಿಗ್ಗೆ ಶಾಲೆಗೆ ಬರುವಾಗಲೇ ಅದನ್ನು ಮಾಮಲೇದಾರರ ಕಚೇರಿಯಲ್ಲಿ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಂಡಿದ್ದೆ.

ಸಂಜೆ ಕಸದ ಹೊಂಡದ ಪಕ್ಕ ಗಾಡಿಯವರೆಲ್ಲ ಸೇರಿದಾಗ ಆ ಚೀಟಿ ಓದಿದೆ. ಮೂರೇ ಸಾಲು. ಯಾರೂ ಅರ್ಥ ಕೇಳಲಿಲ್ಲ. ಇಮಾಮ್ ಸಾಬರು ಇನ್ನೊಮ್ಮೆ ಓದು ಎಂದರು. ಓದಿದೆ. ಅವರು ಎದ್ದು ಬಂದು ಅಪ್ಪನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ತಮ್ಮ ಸಂಚಿಯಿಂದ ಎಲೆ ತೆಗೆದು, ನಾರು ಬಿಡಿಸಿ, ಸುಣ್ಣ ಹಚ್ಚಿ ಮಡಿಸಿ ಅಪ್ಪನ ಕೈಯಲ್ಲಿಟ್ಟರು. "ಹೊಗೆಸೊಪ್ಪು ಮೊದಲಿನಷ್ಟೇ ಹಾಕ್ತೀಯೋ, ಕಡಿಮೆ ಮಾಡಿದ್ಯೋ?" ಎಂದು ಕೇಳಿದರು. ಅಪ್ಪ ಕೈಯಿಂದಲೇ, ಅಷ್ಟೇ ಎಂದು ತೋರಿಸಿದರು.

ಮನೆಗೆ ನಡೆಯುವಾಗ ಅಪ್ಪ, ಅವರು ಹೇಗೆ ಬರೆದುಕೊಟ್ಟರು ಎಂದು ಕೇಳಿದರು. ಎಲ್ಲ ಹೇಳಿದೆ. ಕೊಡುತ್ತೇನೆಂದದ್ದನ್ನು ಕೊಟ್ಟೆಯಾ ಎಂದರು. ಇಲ್ಲ ಎಂದೆ. ಅಪ್ಪ ಎಂದೂ ಸುಳ್ಳಾಡಿದವರಲ್ಲ. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಕವಳದ ರಸವನ್ನು ದಾರಿಯ ಬದಿಗೆ ಉಗುಳಿ ಬಾಯಿ ಒರೆಸಿಕೊಂಡರು.

"ಕೊಟ್ಟಿದ್ರೆ ನಿನ್ನ ಕೈಯಿಂದ ನಾ ನೀರು ಕುಡೀತಿರ್ಲಿಲ್ಲ" ಎಂದರು.

ಬಯಲು ತಿರುಗಿ ಬರಲಿಲ್ಲ. ಅಲ್ಲಿ ಇವತ್ತಿಗೂ ಮೋಟಾರು ನಿಲ್ಲುತ್ತದೆ. ಮಾಸ್ತರರ ಮೆಂಬರಗಿರಿ ಹೋಯಿತು, ಬಿರುದಿನ ಮಾತು ಯಾರೂ ಎತ್ತಲಿಲ್ಲ, ವಾಚನಾಲಯದ ಬೀಗದ ಕೈ ಬೇರೆಯವರ ಕೈಗೆ ಹೋಯಿತು. ಕರಡು ಎಲ್ಲಿದೆ, ಅದನ್ನು ಯಾರು ಕೊಟ್ಟರು, ಯಾವ ಹೊತ್ತಿಗೆ ಕೊಟ್ಟರು ಎಂಬುದು ಮೂರನೆಯ ದಿನ ಅವರಿಗೆ ತಿಳಿಯಿತು. ಆಮೇಲೆ ಒಂದು ವರ್ಷ ಬದುಕಿದ್ದರು. ಬೆಳಿಗ್ಗೆ ಅವರು ಅದೇ ಕೋಟು ಹಾಕಿಕೊಂಡು ಪೇಟೆಗೆ ನಡೆದು ಬರುತ್ತಿದ್ದರು. ನನ್ನ ಶಾಲೆಯ ದಾರಿ ಅದಲ್ಲ. ಆದರೂ ನಾನು ದಿನಾ ಸುತ್ತುಹಾಕಿ ಅದೇ ದಾರಿಯಲ್ಲಿ ಹೋಗಿ, ಎದುರು ಸಿಕ್ಕ ಕೂಡಲೇ ನಿಂತು, ಎರಡೂ ಕೈಜೋಡಿಸಿ ನಮಸ್ಕಾರ ಮಾಡುತ್ತಿದ್ದೆ. ಪೇಟೆಯ ಜನ ನೋಡುತ್ತಿರುವಾಗ ಅವರೂ ತಿರುಗಿ ಕೈಮುಗಿಯಲೇಬೇಕಾಗುತ್ತಿತ್ತು. ನಾನು ಒಂದು ದಿನವೂ ತಪ್ಪಿಸಲಿಲ್ಲ.